ಜಿಗಿಯುವವನಿಗೆ ನೂರೆಂಟು ಸಲಹೆ

ನಮ್ಮ ಹವಳಗಾದಲ್ಲಿ ದುಡ್ಡು ಕೊಡದೆ ಸಿಗುವ ವಸ್ತು ಎರಡು. ಒಂದು ಬಿಸಿಲು, ಇನ್ನೊಂದು ಸಲಹೆ. ಬಿಸಿಲಾದರೂ ಮಳೆಗಾಲದಲ್ಲಿ ನಾಲ್ಕು ದಿನ ರಜೆ ಹಾಕುತ್ತದೆ, ಸಲಹೆಗೆ ಆ ಪದ್ಧತಿ ಇಲ್ಲ. ಅಫಜಲಪುರ ತಾಲ್ಲೂಕಿನ ಎರೆ ಹೊಲದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಹೂತು ನಿಂತಿತು ಅನ್ನಿ. ನೂಕಲು ಇಬ್ಬರು ಸಿಕ್ಕರೆ ಪುಣ್ಯ. ಹೇಳುವವರು ಮಾತ್ರ ದಂಡಿಯಾಗಿ ಬರುತ್ತಾರೆ. “ಹಿಂದಕ್ಕ ತಗೋ”, “ಹಿಂದಕ್ಕ ಬ್ಯಾಡ, ಮುಂದಕ್ಕ ಒತ್ತು”, “ಡಬ್ಬಿ ಬಿಚ್ಚಲೇ ಮೊದಲ”, “ನಿನ್ನೆನ ಹೇಳಿನಿಲ್ಲ ನಾ, ಈ ದಾರಿಗಿ ಬರಬ್ಯಾಡಂತ?” ಟ್ರ್ಯಾಕ್ಟರು ಕೊನೆಗೆ ಯಾರ ಮಾತಿಗೂ ಮರ್ಯಾದೆ ಕೊಡದೆ ತನ್ನಷ್ಟಕ್ಕೆ ಮೇಲೆ ಬಂದಾಗ, ಇದ್ದವರೆಲ್ಲ ತಮ್ಮ ತಮ್ಮ ಸಲಹೆಯಿಂದಲೇ ಅದು ಬಂತೆಂದು ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಾರೆ.

ಇಂಥ ಊರಲ್ಲಿ ಹುಟ್ಟಿ ಬೆಳೆದ ನನಗೆ, ಬಾಯಿ ಬಿಡದೆ ಪಾಠ ಹೇಳಿದ ಮಾಸ್ತರ ಒಬ್ಬನೇ ಸಿಕ್ಕ. ಅವನು ಕುಳ್ಳ. ದಪ್ಪ ಮೀಸೆ. ತಲೆ ಮೇಲೆ ಟೋಪಿ. ಹೆಸರು ಮಾರಿಯೊ.

ಜಪಾನಿನ ನಿಂಟೆಂಡೊ ಕಂಪನಿ ‘ಸೂಪರ್ ಮಾರಿಯೊ ಬ್ರದರ್ಸ್’ ಆಟವನ್ನು ಹೊರತಂದದ್ದು 1985ರ ಸೆಪ್ಟೆಂಬರ್ 13ರಂದು. ಕಂಪನಿಯ ಊರಾದ ಕ್ಯೋಟೊದಿಂದ ಹೊರಟ ಅವನು ಹವಳಗಾ ಮುಟ್ಟಲು ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಅದೂ ನೇರ ದಾರಿಯಲ್ಲಿ ಬರಲಿಲ್ಲ. ಸೊಲ್ಲಾಪುರಕ್ಕೆ ಚಾದರು ತರಲು ಹೋದ ನಮ್ಮ ಮಾಮಾ, ಚಾದರಿನ ಜೊತೆಗೆ ಒಂದು ಡಬ್ಬಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಂದ. ಅದರ ಮೇಲೆ ನಿಂಟೆಂಡೊ ಎಂಬ ಹೆಸರು ಭೂತಕನ್ನಡಿ ಹಿಡಿದು ಹುಡುಕಿದರೂ ಇರಲಿಲ್ಲ. ಆ ಕಾಲಕ್ಕೆ ನಮ್ಮ ದೇಶದ ಪೇಟೆ ತುಂಬ ಇದ್ದದ್ದು ಮೂಲ ಯಂತ್ರದ ನಕಲುಗಳು. ನಮಗೆ ಅವೆಲ್ಲ ಒಂದೇ ಹೆಸರಿನವು: ಟಿವಿ ಗೇಮು. ಅದರ ಬೆನ್ನಿಗೆ ಸಿಕ್ಕಿಸುವ ಹಳದಿ ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ಬರೆದಿತ್ತು. ಹತ್ತು ಸಾವಿರಕ್ಕೆ ಒಂದೇ ಒಂದು ಕಡಿಮೆ ಇಟ್ಟದ್ದು ಬಹುಶಃ ಗಿರಾಕಿ ನಂಬಲಿ ಎಂದು. ಒಳಗೆ ಇದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು ಆಟ. ಅವೇ ತಿರುತಿರುಗಿ ಬೇರೆ ಬೇರೆ ನಂಬರು ಹಚ್ಚಿಕೊಂಡು ಬರುತ್ತಿದ್ದವು. ಮಾಮಾ ಮಾತ್ರ ಬಂದವರಿಗೆಲ್ಲ ಒಂಬತ್ತು ಸಾವಿರದ ಲೆಕ್ಕವನ್ನೇ ಒಪ್ಪಿಸುತ್ತಿದ್ದ.

ಅದನ್ನು ಟಿವಿಗೆ ಹಚ್ಚುವುದೇ ಒಂದು ಸಮಾರಂಭ. ಆಂಟೆನಾ ವೈರು ಕಿತ್ತು ಗೇಮಿನ ವೈರು ಸಿಕ್ಕಿಸಬೇಕು, ಆಮೇಲೆ ಟಿವಿಯ ಟ್ಯೂನಿಂಗ್ ತಿರುಪನ್ನು ಕೂದಲೆಳೆಯಷ್ಟು ತಿರುವುತ್ತ ಹೋಗಬೇಕು. ಗುಂಪಿನಲ್ಲಿ ಒಬ್ಬ ತಿರುವುತ್ತಿದ್ದರೆ ಉಳಿದವರ ಬಾಯಿ ಶುರು. “ಬಂತು, ಬಂತು... ಹೋತು. ಹಿಂದ ತಿರುವು. ಅಷ್ಟಲ್ಲೋ!” ಪರದೆಯ ಮಳೆಯೊಳಗಿಂದ ಕೊನೆಗೊಮ್ಮೆ ಆ ಸಂಗೀತ ಕೇಳಿಸಿದಾಗ ನಮ್ಮ ಆಯಿಯೂ ರೊಟ್ಟಿ ಬಡಿಯುವುದು ನಿಲ್ಲಿಸಿ ಇಣುಕಿದಳು. ಕೋಜಿ ಕೊಂಡೊ ಎಂಬವರು ಮಾಡಿದ ಆ ಧಾಟಿಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ಸೇರಿಸಿಕೊಂಡಿತು. ವಿಡಿಯೋ ಗೇಮಿನ ಸಂಗೀತಕ್ಕೆ ಆ ಮಾನ ಸಿಕ್ಕಿದ್ದು ಅದೇ ಮೊದಲು. ಆಯಿ ಆ ಮಾನವನ್ನು ಅಂದೇ ಒಂದು ಮಾತಿನಲ್ಲಿ ಕೊಟ್ಟುಬಿಟ್ಟಿದ್ದಳು: “ಬ್ಯಾಂಡ್ ಛಲೋ ಅದ.”

ಮುತ್ಯಾಗೆ, ಅಂದರೆ ನಮ್ಮ ಅಜ್ಜನಿಗೆ, ಬ್ಯಾಂಡಿಗಿಂತ ಆಸಾಮಿಯ ಬಗ್ಗೆ ಕುತೂಹಲ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ ಕೇಳಿದ: “ಈ ಮುಕಾದಮ ಯಾಕ ಇಷ್ಟ ಓಡ್ಲಿಕತ್ಯಾನ? ಯಾರರ ಬೆನ್ ಹತ್ಯಾರೇನು?” ಕಬ್ಬು ಕಡಿಯುವ ಗ್ಯಾಂಗಿನ ಯಜಮಾನನಿಗೆ ನಮ್ಮ ಕಡೆ ಮುಕಾದಮ ಎನ್ನುವುದು. ಮೀಸೆ, ಟೋಪಿ, ಗಿಡ್ಡ ಮೈಕಟ್ಟು, ಸದಾ ಅವಸರ. ಮುತ್ಯಾ ಹೇಳಿದ ಮೇಲೆ ನಮಗೂ ಅವನು ಬೇರೆ ಯಾರೂ ಆಗಿ ಕಾಣಲಿಲ್ಲ. ಅವನು ನಳ ಜೋಡಿಸುವ ಪ್ಲಂಬರ್ ಎಂದು ಪೇಟೆಯಲ್ಲಿ ಓದುವ ಹುಡುಗನೊಬ್ಬ ಬಂದು ಹೇಳಿದಾಗ ಯಾರೂ ಒಪ್ಪಲಿಲ್ಲ. ನಮ್ಮ ಓಣಿಯಲ್ಲಿ ನಳವೇ ಇರಲಿಲ್ಲ. ಬೋರಿಂಗಿಗೆ ಕೊಡ ಹಿಡಿದು ಪಾಳಿ ನಿಲ್ಲುವ ಊರಲ್ಲಿ ಪ್ಲಂಬರನಿಗೆ ಕೆಲಸವೆಲ್ಲಿಯದು?

ಖರೆ ಹೇಳಬೇಕೆಂದರೆ ಅವನು ಹುಟ್ಟಾ ಪ್ಲಂಬರನೂ ಅಲ್ಲ. 1981ರಲ್ಲಿ ‘ಡಾಂಕಿ ಕಾಂಗ್’ ಆಟದಲ್ಲಿ ಮೊದಲು ಕಾಣಿಸಿಕೊಂಡಾಗ ಅವನು ಬಡಿಗ. ಹೆಸರೂ ಬರೀ ‘ಜಂಪ್‌ಮ್ಯಾನ್’. ಆಮೇಲೆ ಅಮೆರಿಕದಲ್ಲಿ ಕಂಪನಿಯ ಗೋದಾಮಿನ ಮಾಲೀಕನಾಗಿದ್ದ ಮಾರಿಯೊ ಸೆಗಾಲೆ ಎಂಬವರ ಹೆಸರು ಇವನಿಗೆ ಬಂತು. ಬಾಡಿಗೆಗೆ ಇದ್ದವರು ಮಾಲೀಕನ ಹೆಸರನ್ನು ಇಷ್ಟು ಭಕ್ತಿಯಿಂದ ಜಗತ್ತಿಗೆ ಹರಡಿದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಪ್ಲಂಬರ್ ಆದದ್ದು 1983ರ ‘ಮಾರಿಯೊ ಬ್ರದರ್ಸ್’ನಲ್ಲಿ, ತಮ್ಮ ಲುಯಿಜಿಯ ಜೊತೆಗೆ. ಇನ್ನು ಆ ಮೀಸೆ, ಟೋಪಿ: ಅವು ಶೋಕಿಗೆ ಬಂದವಲ್ಲ. ಪರದೆಯ ಮೇಲೆ ಸಿಗುತ್ತಿದ್ದದ್ದು ಕೆಲವೇ ಚುಕ್ಕೆಗಳ ಜಾಗ. ಅಷ್ಟರಲ್ಲಿ ಬಾಯಿ ಬಿಡಿಸಲು ಆಗದೆ ಮೀಸೆ ಇಟ್ಟರು, ಜಿಗಿದಾಗ ಹಾರುವ ಕೂದಲು ಬಿಡಿಸಲು ಆಗದೆ ಟೋಪಿ ಹಾಕಿದರು. ಅವನನ್ನು ಸೃಷ್ಟಿಸಿದ ಶಿಗೆರು ಮಿಯಾಮೊಟೊ ಅವರಿಗೆ ಜಾಗದ ಬಡತನ ಇರದಿದ್ದರೆ ನಮ್ಮ ಮುತ್ಯಾಗೆ ಮುಕಾದಮ ಸಿಗುತ್ತಲೇ ಇರಲಿಲ್ಲ.

ಜಾಗದ ಬಡತನ ಎಷ್ಟಿತ್ತು ಎಂದರೆ ಇಡೀ ಆಟ, ಅಂದರೆ 8 ಲೋಕ, ಲೋಕಕ್ಕೆ 4ರಂತೆ 32 ಹಂತ, ಸಂಗೀತ, ಆಮೆ, ಅಣಬೆ, ಬೆಂಕಿ ಉಗುಳುವ ಬೌಸರ್, ರಾಜಕುಮಾರಿ, ಎಲ್ಲ ಸೇರಿ 40 ಕಿಲೋಬೈಟು. ಈಗ ದಿನಾ ಬೆಳಿಗ್ಗೆ ಸೋದರಮಾವಂದಿರು ವಾಟ್ಸಾಪಿಗೆ ಕಳಿಸುವ ಒಂದು ಗುಲಾಬಿ ಹೂವಿನ ಶುಭೋದಯ ಅದಕ್ಕಿಂತ ದೊಡ್ಡದು. ಹಾಗಾಗಿ ಆಟ ಮಾಡಿದವರು ಒಂದು ಉಪಾಯ ಹೂಡಿದ್ದರು. ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ. ಮೇಲಿದ್ದರೆ ಬಿಳಿ ಬಣ್ಣ, ಕೆಳಗಿದ್ದರೆ ಹಸಿರು. ಕಲರ್ ಟಿವಿ ಇದ್ದ ಜಗತ್ತಿನ ಜನ ಈ ಗುಟ್ಟನ್ನು ಎಷ್ಟೋ ವರ್ಷಗಳ ನಂತರ ತಿಳಿದು ಹುಬ್ಬೇರಿಸಿದರು. ನಮ್ಮ ಮನೆಯಲ್ಲಿದ್ದದ್ದು ಬ್ಲ್ಯಾಕ್ ಅಂಡ್ ವೈಟ್ ಟಿವಿ. ಮುತ್ಯಾ ಮೊದಲ ದಿನವೇ ಬೆರಳು ಮಾಡಿ ತೋರಿಸಿದ: “ಮ್ಯಾಲ ಇರೋ ಮಾಡಾನ ಇಲ್ಲಿ ಕೆಳಗ ಬಿದ್ದಾದ ನೋಡ್ರಿ.” ಬಡವರ ಟಿವಿಗೆ ಬಡತನದ ಗುಟ್ಟು ಬೇಗ ತಿಳಿಯುತ್ತದೆ.

ಇಷ್ಟೆಲ್ಲ ಪೀಠಿಕೆ ಆದಮೇಲೆ ಆಟಕ್ಕೆ ಬರೋಣ. ಆಡುವವನು ಒಬ್ಬ, ಕೈಯಲ್ಲಿ ರಿಮೋಟ್. ಹಿಂದೆ ಚಾಪೆಯ ಮೇಲೆ ಹುಡುಗರು, ಅವರ ಹಿಂದೆ ಹೊರಸಿನ ಮೇಲೆ ಹಿರಿಯರು, ಬಾಗಿಲಲ್ಲಿ ದಾರಿಹೋಕರು. ಎಲ್ಲರಿಗೂ ಬಾಯಿ ಇದೆ. “ಜಿಗಿಲೇ!” “ಈಗ ಬ್ಯಾಡ, ಈಗ ಬ್ಯಾಡ... ಹಾಂ, ಈಗ!” “ಅಣಬಿ ತಗೋ, ಅಣಬಿ!” “ಬ್ಯಾಡ, ಸಾಯ್ತಿ!” ಜಿಗಿ ಎನ್ನುವವನ ಮಾತು ಕಿವಿಗೆ ಬಿದ್ದು ಬೆರಳಿಗೆ ಇಳಿಯುವಷ್ಟರಲ್ಲಿ ಮಾರಿಯೊ ಹಳ್ಳಕ್ಕೆ ಇಳಿದಿರುತ್ತಿದ್ದ. ಕೂಡಲೇ ಸರ್ವಾನುಮತದ ಠರಾವು: “ಹೇಳಿನಿಲ್ಲ ನಾ!” ಎದುರು ಎದುರು ಸಲಹೆ ಕೊಟ್ಟ ಇಬ್ಬರೂ ಒಟ್ಟಿಗೇ ಈ ಮಾತು ಹೇಳುವುದು ಹೇಗೆ ಸಾಧ್ಯವೋ ನಾನರಿಯೆ.

ಈ ಗದ್ದಲದ ನಡುವೆ ಪರದೆಯ ಮೇಲೆ ಮಾತ್ರ ಯಾವ ಉಪದೇಶವೂ ಇರಲಿಲ್ಲ. ನಿಧಾನಕ್ಕೆ ನೋಡಿದರೆ ಮೊದಲ ಹಂತದ ರಚನೆಯೇ ಒಂದು ಶಾಲೆ. ಮಾರಿಯೊ ಎಡಗಡೆ ನಿಂತಿರುತ್ತಾನೆ, ಮುಂದೆ ಬಲಕ್ಕೆ ಬಯಲು. ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಬೇಕಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಹೊಳೆಯುವ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆ, ಎದುರಿಗೆ ದುರುಗುಟ್ಟುತ್ತ ಬರುವ ಗೂಂಬಾ ಎಂಬ ವೈರಿ. ಮುಟ್ಟಿದರೆ ಸಾವು. ಶುರುವಿನಲ್ಲೇ ಸತ್ತದ್ದರಿಂದ ಕಳೆದುಕೊಂಡದ್ದು ಏನೂ ಇಲ್ಲ, ಮರಳಿ ಅಲ್ಲಿಂದಲೇ ಶುರು. ಎರಡನೇ ಸಲ ಬೆರಳು ತಾನೇ ಗುಂಡಿ ಒತ್ತುತ್ತದೆ. ಆಮೇಲೆ ಪೆಟ್ಟಿಗೆಯಿಂದ ಅಣಬೆ ಹೊರಬರುತ್ತದೆ. ಗೂಂಬಾನಂತೆಯೇ ಕಾಣುವ ಅದನ್ನು ನೋಡಿ ಹೊಸಬ ಹೆದರುತ್ತಾನೆ. ಅದು ಬಲಕ್ಕೆ ಓಡಿ ಕೊಳವೆಗೆ ಬಡಿದು ಮರಳಿ ಅವನ ಕಡೆಗೇ ಬರುತ್ತದೆ. ತಪ್ಪಿಸಿಕೊಳ್ಳಲು ಜಿಗಿದರೆ ತಲೆಯ ಮೇಲಿನ ಇಟ್ಟಿಗೆಗೆ ತಾಗಿ ಅಣಬೆಯ ಮೇಲೆಯೇ ಬೀಳುತ್ತಾನೆ, ಬಿದ್ದು ದೊಡ್ಡವನಾಗುತ್ತಾನೆ! ಓಡಿಹೋದವನಿಗೂ ವರ ಕೊಡುವ ಉಪಾಯ.

ಇನ್ನೂ ಮುಂದೆ ಹೋದರೆ ಎದುರುಬದುರು ಎರಡು ಮೆಟ್ಟಿಲುಗಳು; ನಡುವೆ ಗಟ್ಟಿ ನೆಲ. ಜಿಗಿಯುವುದು ತಪ್ಪಿದರೂ ಏನೂ ಆಗದು. ಅದನ್ನು ದಾಟಿದರೆ ಮತ್ತೆ ಅಂಥದೇ ಮೆಟ್ಟಿಲ ಜೋಡಿ. ಈ ಸಲ ನಡುವೆ ಹಳ್ಳ. ಮೊದಲು ನೆಲದ ಮೇಲೆ ರೂಢಿ ಮಾಡಿಸಿ ಆಮೇಲೆ ಹಳ್ಳದ ಮೇಲೆ ಪರೀಕ್ಷೆ. ಇಂಥ ಪಾಠಕ್ರಮ ನನ್ನ ಇಡೀ ವಿದ್ಯಾಭ್ಯಾಸದಲ್ಲಿ ಎಲ್ಲೂ ಸಿಗಲಿಲ್ಲ. ನಮಗೆ ಪರೀಕ್ಷೆ ಮೊದಲು, ಪಾಠ ಆಮೇಲೆ, ಛಡಿ ಎರಡಕ್ಕೂ ಮುಂಚೆ. ಕ್ಯೋಟೊದ ಆಟ, ಸೊಲ್ಲಾಪುರದ ಡಬ್ಬಿ, ಕನ್ನಡ ಮೀಡಿಯಂ ಹುಡುಗರು. ನಡುವೆ ಒಂದು ಅಕ್ಷರದ ಪುಸ್ತಕವೂ ಇಲ್ಲ. ಆದರೂ ಬೇಸಿಗೆ ರಜೆ ಮುಗಿಯುವುದರೊಳಗೆ ಓಣಿಯ ಹುಡುಗರೆಲ್ಲ ನಾಲ್ಕನೇ ಲೋಕದ ತನಕ ವಿದ್ಯಾವಂತರಾಗಿದ್ದರು.

ಇಬ್ಬರು ಆಡುವ ಏರ್ಪಾಡೂ ಇತ್ತು. ಅಣ್ಣ ಮಾರಿಯೊ ಮೊದಲು ಆಡುತ್ತಾನೆ, ತಮ್ಮ ಲುಯಿಜಿಯ ಪಾಳಿ ಬರುವುದು ಅಣ್ಣ ಸತ್ತಮೇಲೆ. ಅಲ್ಲಿಯ ತನಕ ತಮ್ಮ ರಿಮೋಟ್ ಹಿಡಿದು, ಮೇಲೆ “ಹುಷಾರಣ್ಣಾ” ಎನ್ನುತ್ತ, ಒಳಗೆ ಘತ್ತರಗಿಯ ಭಾಗ್ಯವಂತಿಗೆ ಕಾಯಿ ಬೇಡಿಕೊಳ್ಳುತ್ತ ಕೂಡುತ್ತಾನೆ. ಹೊಲ ಹಿಸ್ಸೆಯಾಗದ ಮನೆಗಳಲ್ಲಿ ಹುಟ್ಟಿದ ನಮಗೆ ಈ ನಿಯಮವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬ್ಲ್ಯಾಕ್ ಅಂಡ್ ವೈಟ್ ಟಿವಿಯಲ್ಲಿ ಅಣ್ಣ ಯಾರು ತಮ್ಮ ಯಾರು ಎಂಬ ವ್ಯತ್ಯಾಸವೂ ಸರಿಯಾಗಿ ತಿಳಿಯದು. ಆ ಗೊಂದಲದಲ್ಲಿ ಅಣ್ಣನ ಪಾಳಿಯನ್ನು ತಮ್ಮ ಆಡಿಬಿಟ್ಟು ರಣರಂಗವಾದದ್ದು ಉಂಟು. ಎರಡೂ ಕಡೆಯ ವಕೀಲಿ ಮಾಡಲು ಹೊರಸಿನ ಮೇಲಿನ ಹಿರಿಯರು ಇದ್ದೇ ಇದ್ದರು.

ಆಟದ ಗುಟ್ಟುಗಳು ನಮಗೆ ಬರುತ್ತಿದ್ದದ್ದು ನೆಂಟರ ಬಾಯಿಂದ. ಒಂದನೇ ಲೋಕದ ಎರಡನೇ ಹಂತದಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ಚಾವಣಿಯ ಇಟ್ಟಿಗೆಯ ಮೇಲೆ ಹತ್ತಿ ಕೊನೆಯ ತನಕ ಓಡಿದರೆ ಮೂರು ಕೊಳವೆಗಳ ಗುಪ್ತಕೋಣೆ ಸಿಗುತ್ತದೆ, ಅಲ್ಲಿಂದ ಒಂದೇ ಏಟಿಗೆ ನಾಲ್ಕನೇ ಲೋಕಕ್ಕೆ ಹೋಗಬಹುದು ಎಂಬ ಸುದ್ದಿ ಕಲಬುರಗಿಯಿಂದ ಮದುವೆಗೆ ಬಂದ ಹುಡುಗನೊಬ್ಬನಿಂದ ತಿಳಿಯಿತು. ಅಕ್ಕಿಕಾಳು ಬೀಳುವುದಕ್ಕೂ ನಿಲ್ಲದೆ ನಾವೆಲ್ಲ ಟಿವಿ ಮುಂದೆ ಹೋಗಿ ಕೂತೆವು. ಗುಟ್ಟು ಖರೆ ಇತ್ತು! ಆ ಹುಡುಗನಿಗೆ ಅಂದು ಸಿಕ್ಕ ಮರ್ಯಾದೆ ಮದುಮಗನಿಗೂ ಸಿಗಲಿಲ್ಲ. ಅದರ ಬೆನ್ನಿಗೆ ಸುಳ್ಳು ಸುದ್ದಿಗಳ ಸುಗ್ಗಿ. ಧ್ವಜದ ಕಂಬ ಹಾರಿ ಆಚೆ ಬಿದ್ದರೆ ರಾಜಕುಮಾರಿ ಅಲ್ಲೇ ಇರುತ್ತಾಳಂತೆ. ಅಫಜಲಪುರದ ಒಬ್ಬ ಹುಡುಗ ಹಾರಿದ್ದನಂತೆ. ಆ ಹುಡುಗನನ್ನು ಕಂಡವರು ಯಾರೂ ಇರಲಿಲ್ಲ, ಆದರೆ ಕಂಡವರನ್ನು ಕಂಡವರು ಊರ ತುಂಬ ಇದ್ದರು.

ಕೋಟೆಯ ವಿಷಯಕ್ಕೆ ಬಂದರೆ ಆಯಿಯದೇ ಕೊನೆಯ ಮಾತು. ಪ್ರತಿ ಲೋಕದ ಕೊನೆಗೆ ಕೋಟೆ, ಬೆಂಕಿಯ ಮೇಲೆ ಸೇತುವೆ, ಬೌಸರ್. ಅವನನ್ನು ಕೆಡವಿ ಒಳಗೆ ಹೋದರೆ ಅಣಬೆ ತಲೆಯ ಸೇವಕನೊಬ್ಬ ನಿಂತು, ಉಪಕಾರ ಸ್ಮರಿಸಿ, ರಾಜಕುಮಾರಿ ಇಲ್ಲಿಲ್ಲ, ಬೇರೆ ಕೋಟೆಯಲ್ಲಿದ್ದಾಳೆ ಎಂದು ತಿಳಿಸುತ್ತಾನೆ. ಆ ಇಂಗ್ಲಿಷನ್ನು ಹೈಸ್ಕೂಲಿನ ಹುಡುಗನೊಬ್ಬ ಓದಿ ಹೇಳಿದಾಗ ಮನೆಯಲ್ಲಿ ನಿಟ್ಟುಸಿರು. ಏಳು ಕೋಟೆಗಳಲ್ಲಿ ಇದೇ ಉತ್ತರ, ಎಂಟನೆಯದರಲ್ಲಿ ಮಾತ್ರ ಅವಳು ಸಿಗುವುದು. ಪಹಣಿ ತಿದ್ದುಪಡಿಗೆ ಕಚೇರಿ ಕಚೇರಿ ಅಲೆದಿದ್ದ ಮುತ್ಯಾಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. “ಎಂಟಕ್ಕ ಸಿಕ್ಕಳಲ್ಲ, ನಸೀಬದಂವ” ಅಂದ. ಆಯಿಯ ವಿಚಾರ ಬೇರೆ: “ಆಕಿ ತವರಮನಿಗಿ ಹೋಗ್ಯಾಳ. ಇಂವ ಬರೋದು ನೋಡಿ ಜಾಗಾ ಬದಲಿ ಮಾಡ್ತಾಳ. ಮೊದಲ ಇಂವ ಕೆಲಸಕ್ಕ ಹೋಗ್ಲಿ, ತಾನ ಬರ್ತಾಳ.” ಎಂಟು ಕೋಟೆ ಗೆದ್ದಮೇಲೆ ಆಟ ಇನ್ನೂ ಕಠಿಣವಾದ ಎರಡನೇ ಸುತ್ತನ್ನು ಎದುರಿಗಿಡುತ್ತದೆ ಎಂಬ ಸಂಗತಿ ಆಯಿಗೆ ತಿಳಿದಿದ್ದರೆ ಸಂಸಾರದ ಬಗ್ಗೆ ಇನ್ನೂ ಒಂದು ಮಾತು ಸೇರಿಸುತ್ತಿದ್ದಳು.

ಎಂಟನೇ ಕೋಟೆಯನ್ನು ನಮ್ಮ ಓಣಿ ಬಹುಕಾಲ ನೋಡಲಿಲ್ಲ. ಕಾರಣ ಬೌಸರ್ ಅಲ್ಲ, ಕರೆಂಟು. ಆ ಆಟದಲ್ಲಿ ಅಲ್ಲಿಯವರೆಗಿನ ಪ್ರಗತಿ ಉಳಿಸಿಡುವ ವ್ಯವಸ್ಥೆ ಇರಲಿಲ್ಲ. ಕರೆಂಟು ಹೋದರೆ ಏಳನೇ ಲೋಕದಲ್ಲಿದ್ದವನೂ ಒಂದನೇ ಲೋಕದ ಮೊದಲ ಗೂಂಬಾನ ಎದುರಿಗೆ. ದೊಡ್ಡವರ ಇನ್ನೊಂದು ಭಯ ಪಿಕ್ಚರ್ ಟ್ಯೂಬಿನದು. ಗೇಮು ಆಡಿದರೆ ಟ್ಯೂಬು ಸುಟ್ಟುಹೋಗುತ್ತದೆ ಎಂಬುದು ಆ ಕಾಲದ ಎಲ್ಲ ತಂದೆಯರ ಅಚಲ ನಂಬಿಕೆ. ‘ಇದು ಇಸ್ಪೀಟಿನ ಜಾತಿಯದು, ಮನೆ ಕೆಡಿಸ್ತದ’ ಎಂದು ನಮ್ಮಪ್ಪ ಬೈಯುತ್ತಿದ್ದರು. ಬಹಳ ವರ್ಷಗಳ ಮೇಲೆ ನಿಂಟೆಂಡೊ ಚರಿತ್ರೆ ಓದಿದೆ: ಆ ಕಂಪನಿ 1889ರಲ್ಲಿ ಶುರುವಾದದ್ದೇ ಇಸ್ಪೀಟಿನ ಎಲೆ ಮಾಡಲು! ಹಾನಾಫುದಾ ಎಂಬ ಜಪಾನಿ ಎಲೆಗಳು. ಅಪ್ಪನ ಬೈಗುಳಕ್ಕೆ ಇಷ್ಟು ಗಟ್ಟಿ ಐತಿಹಾಸಿಕ ಆಧಾರ ಇದ್ದದ್ದು ಅವರಿಗೇ ಗೊತ್ತಿರಲಿಲ್ಲ.

ಮುಂದೆ ಓದು, ನೌಕರಿ ಎಂದು ನಾನು ಕಲಬುರಗಿ, ಪುಣೆ ಸುತ್ತುವಾಗ ಮುಕಾದಮನ ಹಿಂದು ಮುಂದಿನ ಸಂಸಾರವೆಲ್ಲ ಕಂಪ್ಯೂಟರಿನಲ್ಲಿ ಪರಿಚಯವಾಯಿತು. 1986ರಲ್ಲಿ ಜಪಾನಿನಲ್ಲಿ ಬಂದ ಎರಡನೇ ಭಾಗ ಶುದ್ಧ ಮೋಸಗಾರ. ಅದರಲ್ಲಿ ತಿಂದರೆ ಸಾಯಿಸುವ ವಿಷದ ಅಣಬೆಯೂ ಇದೆ. ಅದು ತೀರಾ ಕಠಿಣವೆಂದು ಅಮೆರಿಕದವರು ಬೇಡವೆಂದರು. ಅವರಿಗೆ 1988ರಲ್ಲಿ ಬೇರೊಂದು ಜಪಾನಿ ಆಟಕ್ಕೇ ಮಾರಿಯೊನ ವೇಷ ಹಾಕಿ ಎರಡನೇ ಭಾಗವೆಂದು ಕಳಿಸಿದರು. ‘9999 ಇನ್ 1’ ಮಾರಿದ ಸೊಲ್ಲಾಪುರದ ಅಂಗಡಿಯವನ ಮೇಲೆ ನನಗಿದ್ದ ಅಲ್ಪಸ್ವಲ್ಪ ಸಿಟ್ಟು ಇದನ್ನು ತಿಳಿದಮೇಲೆ ಇಳಿದುಹೋಯಿತು. 1988ರಲ್ಲೇ ಜಪಾನಿನಲ್ಲಿ ಮೂರನೇ ಭಾಗ ಬಂತು, ಮುಕಾದಮನಿಗೆ ಬಾಲ ಬಂದು ಹಾರಾಡಿದ. 1990ರ ‘ಸೂಪರ್ ಮಾರಿಯೊ ವರ್ಲ್ಡ್’ನಲ್ಲಿ ಯೋಶಿ ಎಂಬ ಡೈನೋಸಾರ್ ಹತ್ತಿದ. 1996ರ ‘ಸೂಪರ್ ಮಾರಿಯೊ 64’ರಲ್ಲಿ ಲೋಕಕ್ಕೆ ಆಳ ಬಂತು, ಎಡ ಬಲ ಮಾತ್ರ ಇದ್ದವನಿಗೆ ಎಂಟೂ ದಿಕ್ಕು ತೆರೆದವು, ಮೋಡದ ಮೇಲೆ ಕೂತ ಆಮೆಯೊಂದು ಕ್ಯಾಮೆರಾ ಹಿಡಿದು ಬೆನ್ನು ಹತ್ತಿತು. 2007ರಲ್ಲಿ ‘ಗ್ಯಾಲಕ್ಸಿ’ ಎಂದು ಗ್ರಹದಿಂದ ಗ್ರಹಕ್ಕೆ ಜಿಗಿದ. 2016ರಲ್ಲಿ ರಿಯೊ ಒಲಿಂಪಿಕ್ಸ್ ಮುಗಿಯುವ ದಿನ ಜಪಾನಿನ ಪ್ರಧಾನಿ ಶಿಂಜೊ ಅಬೆಯವರೇ ಮಾರಿಯೊ ವೇಷದಲ್ಲಿ ಹಸಿರು ಕೊಳವೆಯೊಳಗಿಂದ ಮೇಲೆದ್ದರು. ಮುತ್ಯಾ ಅಷ್ಟರಲ್ಲಿ ತೀರಿಕೊಂಡಿದ್ದ; ಇದ್ದಿದ್ದರೆ ಮುಕಾದಮ ಪ್ರಧಾನಿಯಾದನೆಂದು ಊರಿಗೆಲ್ಲ ಸುಸಲಾ ಮಿರ್ಚಿ ಹಂಚಿಸುತ್ತಿದ್ದ.

ಇಷ್ಟು ವೇಷ ಬದಲಾದರೂ ಅವನು ಮಾಡುವ ಕೆಲಸ ಒಂದೇ: ಜಿಗಿಯುವುದು. ನಲವತ್ತು ವರ್ಷದಲ್ಲಿ ಬಡ್ತಿ ಇಲ್ಲ, ನಿವೃತ್ತಿ ಇಲ್ಲ, ರಾಜಕುಮಾರಿಯನ್ನು ಬಿಡಿಸಿ ತಂದದ್ದಕ್ಕೆ ಒಂದು ಎಕರೆ ಇನಾಮೂ ಇಲ್ಲ.

ಬದಲಾದದ್ದು ಒಂದೇ, ಅದೇ ನನ್ನ ತಕರಾರು. ಆಟ ಮಾತಾಡಲು ಕಲಿಯಿತು. 2009ರ ‘ನ್ಯೂ ಸೂಪರ್ ಮಾರಿಯೊ ಬ್ರದರ್ಸ್ ವೀ’ಯಲ್ಲಿ ನಾಲ್ವರು ಒಟ್ಟಿಗೆ ಆಡಬಹುದು. ಕೇಳಲು ಚೆಂದ. ಆಡಲು ಕೂತರೆ ಅವಿಭಕ್ತ ಕುಟುಂಬ. ಒಬ್ಬರನ್ನೊಬ್ಬರು ಎತ್ತಿ ಹಳ್ಳಕ್ಕೆ ಎಸೆಯುವ ಸೌಲಭ್ಯವೂ ಇದೆ. ಅದೇ ಆಟದಲ್ಲಿ ಒಬ್ಬನೇ ಆಡುತ್ತ ಒಂದೇ ಹಂತದಲ್ಲಿ 8 ಸಲ ಸತ್ತರೆ ಹಸಿರು ಪೆಟ್ಟಿಗೆಯೊಂದು ಪ್ರತ್ಯಕ್ಷವಾಗುತ್ತದೆ. ಅದನ್ನು ಗುದ್ದಿದರೆ ಲುಯಿಜಿ ಬಂದು, ಸರಿ ಅಣ್ಣಾ, ಹೇಗೆ ದಾಟುವುದೆಂದು ನಾನು ತೋರಿಸುತ್ತೇನೆ ಎಂಬಂತೆ ಇಡೀ ಹಂತವನ್ನು ತಾನೇ ಆಡಿ ತೋರಿಸುತ್ತಾನೆ. ಅಣ್ಣ ಸಾಯುವುದನ್ನು ಕಾಯುತ್ತ ಕೂತಿದ್ದ ತಮ್ಮ ಇಪ್ಪತ್ತೈದು ವರ್ಷದಲ್ಲಿ ಸಲಹೆಗಾರನಾಗಿ ಬೆಳೆದಿದ್ದ. ಮೊಬೈಲಿಗೆ 2016ರಲ್ಲಿ ಬಂದ ‘ಸೂಪರ್ ಮಾರಿಯೊ ರನ್’ನಲ್ಲಿ ಓಡುವ ಕೆಲಸವನ್ನೂ ಮಾರಿಯೊನೇ ಮಾಡುತ್ತಾನೆ, ನಮಗೆ ಉಳಿದದ್ದು ಒಂದು ಬೆರಳಿನಿಂದ ಜಿಗಿಸುವುದು. ಮೊದಲ ಕೆಲವು ಹಂತ ಪುಕ್ಕಟೆ, ಆಮೇಲೆ ದುಡ್ಡು. ಆಡುವಾಗ ಇಂಟರ್ನೆಟ್ ಬೇರೆ ಇರಬೇಕು. ಹವಳಗಾದಲ್ಲಿ ಅದನ್ನು ಹಿಡಿಯಲು ಮಾಳಿಗೆ ಹತ್ತಬೇಕಾಗಿತ್ತು. ಮಾರಿಯೊ ಕೆಳಗೆ ಜಿಗಿದದ್ದಕ್ಕಿಂತ ನಾವು ಮೆಟ್ಟಿಲು ಹತ್ತಿ ಇಳಿದದ್ದೇ ಹೆಚ್ಚು.

ಎಲ್ಲಕ್ಕೂ ಕಳಶವಿಟ್ಟದ್ದು 2023ರ ‘ಸೂಪರ್ ಮಾರಿಯೊ ಬ್ರದರ್ಸ್ ವಂಡರ್’. ಅದರಲ್ಲಿ ದಾರಿಯುದ್ದಕ್ಕೂ ಮಾತಾಡುವ ಹೂಗಳಿವೆ. ಮಾರಿಯೊ ಪಕ್ಕದಲ್ಲಿ ಹಾದುಹೋದರೆ ಸಾಕು, ಹುರಿದುಂಬಿಸುತ್ತವೆ, ಅಚ್ಚರಿ ಪಡುತ್ತವೆ, ಕೇಳದಿದ್ದರೂ ಅಭಿಪ್ರಾಯ ಹೇಳುತ್ತವೆ. ಮೊದಲ ಸಲ ನೋಡಿದಾಗ ನನಗೆ ಜಪಾನಿನವರು ಗುಟ್ಟಾಗಿ ಹವಳಗಾದ ಕಟ್ಟೆಗೆ ಬಂದು ಕೂತು ಹೋಗಿದ್ದಾರೆ ಎನಿಸಿತು. ಆದರೂ ಅವರ ಸಂಸ್ಕಾರ ದೊಡ್ಡದು. ಆ ಹೂಗಳ ಬಾಯಿ ಬಂದ್ ಮಾಡಲು ಸೆಟ್ಟಿಂಗಿನಲ್ಲಿ ಅವಕಾಶ ಇಟ್ಟಿದ್ದಾರೆ.

ಕಳೆದ ದೀಪಾವಳಿಗೆ ಪುಣೆಯಿಂದ ಅಕ್ಕ ಬಂದಿದ್ದಳು, ಐದು ವರ್ಷದ ಮಗಳು ಮತ್ತು ಸ್ವಿಚ್ ಎಂಬ ನಿಂಟೆಂಡೊ ಯಂತ್ರದ ಜೊತೆಗೆ. ಈಗ ಜಿಲ್ಲೆಯಲ್ಲಿ ಹವಳಗಾ ಅಂದರೆ ರೇಣುಕಾ ಸಕ್ಕರೆ ಕಾರ್ಖಾನೆಯ ಊರು ಎಂದೇ ಗುರುತು. ಹಂಗಾಮು ಶುರುವಾಗಿ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಒಳಗೆ ದೊಡ್ಡ ಕಲರ್ ಟಿವಿಗೆ ಸ್ವಿಚ್ ಹಚ್ಚಿದೆವು. ಅದರಲ್ಲಿ 1985ರ ಹಳೆಯ ಆಟವೂ ಸಿಗುತ್ತದೆ. ಹುಡುಗಿಗೆ ಅದನ್ನೇ ಹಾಕಿಕೊಟ್ಟೆ.

ಅವಳು ರಿಮೋಟ್ ಹಿಡಿದಳೋ ಇಲ್ಲವೋ, ಹಿಂದೆ ದಂಡು ಜಮೆಯಾಯಿತು. ಸೊಲ್ಲಾಪುರದಿಂದ ಡಬ್ಬಿ ತಂದಿದ್ದ ಮಾಮಾ ಈಗ ತಾನೇ ಮುತ್ಯಾ. ಕನ್ನಡಕ ಏರಿಸಿ, ಹೊರಸಿನ ಜಾಗಕ್ಕೆ ಬಂದ ಸೋಫಾದ ತುದಿಗೆ ಕೂತು, ಶುರು ಹಚ್ಚಿಕೊಂಡ: “ಜಿಗಿಯವ್ವಾ, ಬಂದ ನೋಡ್ ಅಂವ!” ಇನ್ನೊಬ್ಬ ಕಾಕಾ: “ಈಗಲ್ಲ, ತಡಿ!” ಹುಡುಗಿ ಎರಡೂ ಕಡೆ ತಿರುಗಿ ನೋಡಿದಳು. ಅಷ್ಟರಲ್ಲಿ ಗೂಂಬಾ ಬಂದು ಮುಟ್ಟಿತು. “ಹೇಳಿನಿಲ್ಲ ನಾ!” ಎಂದು ಇಬ್ಬರೂ ಒಟ್ಟಿಗೆ.

ಹುಡುಗಿ ರಿಮೋಟನ್ನು ಮಡಿಲಲ್ಲಿಟ್ಟು, ಹಿಂದೆ ತಿರುಗಿ, ಸ್ಪಷ್ಟವಾಗಿ ಹೇಳಿದಳು: “ಮುತ್ಯಾ, ನೀ ಸುಮ್ಮ ಕೂಡು. ಹೂವಿನಂಗ ನಿನ್ನ ಬಂದ್ ಮಾಡೋದು ಎಲ್ಲದ?”

ಮನೆಯಲ್ಲಿ ಅಂಥ ನಿಶ್ಶಬ್ದ ನಾನು ಕೇಳಿರಲಿಲ್ಲ. ಅವಳು ಮತ್ತೆ ಶುರು ಮಾಡಿದಳು. ಗೂಂಬಾ ಬಂತು, ಜಿಗಿದಳು, ಸರಿಯಾಗಿ ಅದರ ತಲೆಯ ಮೇಲೆಯೇ ಇಳಿದಳು. ಪೆಟ್ಟಿಗೆ ಗುದ್ದಿದಳು. ಅಣಬೆ ಹೊರಗೆ ಬಂದು ಬಲಕ್ಕೆ ಓಡಿತು, ಕೊಳವೆಗೆ ಬಡಿದು ಮರಳಿತು. ಅವಳು ಹೆದರಿ ಹಿಂದೆ ಸರಿದಳು. ಅದು ಬಿಡದೆ ಬಂದು ತಾಗಿತು, ಮಾರಿಯೊ ದೊಡ್ಡವನಾದ. “ಓ!” ಎಂದಳು. ಆ ‘ಓ’ಗಾಗಿಯೇ ಒಬ್ಬ ಮನುಷ್ಯ ಕ್ಯೋಟೊದಲ್ಲಿ ಕೂತು ಆ ಕೊಳವೆಯನ್ನು ಆ ಜಾಗದಲ್ಲೇ ನೆಟ್ಟಿದ್ದ. ಮಾಮಾನ ತುಟಿಗಳು ಅಲುಗುತ್ತಿದ್ದವು. ಹುಡುಗಿ ಎರಡನೇ ಮೆಟ್ಟಿಲ ಜೋಡಿಯ ಹಳ್ಳದಲ್ಲಿ ಬಿದ್ದಳು, ಮರಳಿ ಬಂದಳು, ಮತ್ತೊಮ್ಮೆ ಬಿದ್ದಳು, ಆಮೇಲೆ ದಾಟಿದಳು. ಧ್ವಜ ಇಳಿದಾಗ ಮಾಮಾ ಎದ್ದು ಹೊರಗೆ ಹೋಗಿ, ಕಟ್ಟೆಯ ಮೇಲಿದ್ದವರಿಗೆ ಜೋರಾಗಿ ಹೇಳಿದ್ದು ನನಗೆ ಒಳಗೇ ಕೇಳಿಸಿತು: “ನಾನ ಕಲಿಸಿನಿ!”

ಈ ಆಟದಲ್ಲಿ ಪಳಗಿದವರು ಇಂದು ಇಡೀ ಆಟವನ್ನು 5 ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ ಮುಗಿಸುತ್ತಾರೆ. ಅವರಿಗೂ ಯಾರೋ ಹಿಂದೆ ಕೂತು ‘ಜಿಗಿ’ ಎಂದದ್ದರಿಂದ ಅದು ಬಂದಿರಲಾರದು. ಆದ್ದರಿಂದ ಓದುಗ ಮಹಾಶಯರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಮಗು ಮಾರಿಯೊ ಆಡಲು ಕೂತರೆ ಪಕ್ಕದಲ್ಲಿ ಕೂಡಿ, ಖಂಡಿತ ಕೂಡಿ. ಒಂದು ಮುಷ್ಟಿ ಹುರಿದ ಶೇಂಗಾ ಬಾಯಿಗೆ ಹಾಕಿಕೊಳ್ಳಿ, ಖಾಲಿಯಾದರೆ ಇನ್ನೊಂದು ಮುಷ್ಟಿ. ಹಳ್ಳ ಎಲ್ಲಿದೆ ಎಂದು ಮಾತ್ರ ಹೇಳಬೇಡಿ. ಅದು 1985ರಿಂದಲೂ ಅಲ್ಲೇ ಇದೆ. ಮಗುವಿಗೆ ತಾನಾಗಿಯೇ ಸಿಗುತ್ತದೆ.